ಟೈಲರ್ ಮಾವನ ಪರದೆಯ ಹಿಂದೆ

ಟೈಲರ್ ಮಾವನ ಎರಡು ಮಂಡಿಗಳ ಮೇಲೂ ಹಳೆಯ ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಜಡ್ಡು ಇತ್ತು. ಗಿರಾಕಿಗಳ ಮುಂದೆ ಮಂಡಿಯೂರಿ ನಲವತ್ತು ವರ್ಷ ಪ್ಯಾಂಟಿನ ಅಳತೆ ತೆಗೆದದ್ದರ ಗುರುತು ಅದು. ಲುಂಗಿ ಎತ್ತಿ ಕಟ್ಟಿಕೊಂಡು ಮಿಷನ್ನಿನ ಮುಂದೆ ಕೂತರೆ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಆ ಜಡ್ಡುಗಳೇ. ಹೊಸಬರು ಯಾರಾದರೂ "ಏನ್ ಮಾವ, ದಿನಾ ದೇವರಿಗೆ ಅಡ್ಡ ಬೀಳ್ತೀರಾ?" ಎಂದರೆ, "ದೇವರಿಗೆಲ್ಲಿ ಬೀಳ್ಲಿ, ನಿಮ್ಮಂಥೋರ ಕಾಲಿಗೆ ಬಿದ್ದೂ ಬಿದ್ದೂ ಹಿಂಗಾಗೈತೆ" ಎಂದು ನಗುತ್ತಿದ್ದರು.

ಮುಳಬಾಗಿಲಿನ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವರ ಅಂಗಡಿ. ಒಂದು ಮಿಷನ್ನು, ಒಂದು ಕತ್ತರಿಸುವ ಮೇಜು, ಮೂಲೆಯಲ್ಲಿ ಹಗ್ಗಕ್ಕೆ ಇಳಿಬಿಟ್ಟ ಹಸಿರು ಪರದೆ. ಶಾಲೆಯ ಯೂನಿಫಾರಂ, ಪೊಲೀಸರ ಖಾಕಿ, ಮದುವೆಯ ಸಫಾರಿ ಎಲ್ಲವೂ ಅಲ್ಲೇ ಆಗುತ್ತಿತ್ತು. ಗಿರಾಕಿ ತೆಲುಗಿನಲ್ಲಿ ಮಾತಾಡಿದರೆ ತೆಲುಗು, ಕನ್ನಡದಲ್ಲಿ ಮಾತಾಡಿದರೆ ಕನ್ನಡ, ಸಾಬರ ಹುಡುಗರು ಬಂದರೆ ಉರ್ದು. ಅಳತೆ ತೆಗೆಯುವಾಗ ಮಾತ್ರ ಯಾವ ಭಾಷೆಯೂ ಇರುತ್ತಿರಲಿಲ್ಲ. ಬೇರೆ ದರ್ಜಿಗಳು ಸೊಂಟ ಇಷ್ಟು, ತೊಡೆ ಇಷ್ಟು ಎಂದು ಕೂಗಿ ಹೇಳಿ ಬರೆಸುತ್ತಾರೆ. ಇವರು ಒಂದೊಂದೇ ಅಳತೆಯನ್ನು ನೆನಪಿನಲ್ಲಿಟ್ಟುಕೊಂಡು ಕೊನೆಗೆ ಎಲ್ಲವನ್ನೂ ಒಟ್ಟಿಗೆ ಚೀಟಿಗೆ ಇಳಿಸುತ್ತಿದ್ದರು. ಕೇಳಿದರೆ, "ಹೊಟ್ಟೆ ಎಷ್ಟು ಬಂದೈತೆ ಅಂತ ಬೀದಿಗೆಲ್ಲಾ ಯಾಕೆ ಗೊತ್ತಾಗ್ಬೇಕು?" ಎನ್ನುತ್ತಿದ್ದರು. "ಬಟ್ಟೆ ಸುಳ್ಳು ಹೇಳುತ್ತೆ ಕಣಪ್ಪಾ, ಟೇಪು ಹೇಳಲ್ಲ" ಎಂಬುದು ಅವರ ಇನ್ನೊಂದು ಮಾತು.

ನಾನು ಆಗ ಆವನಿಯ ಹತ್ತಿರದ ನಮ್ಮ ಹಳ್ಳಿಯ ಹಾಲಿನ ಸೊಸೈಟಿಯಲ್ಲಿ ಸೆಕ್ರೆಟರಿ. ಹೆಸರಿಗೆ ಸೆಕ್ರೆಟರಿ, ಕೆಲಸದಲ್ಲಿ ಎಲ್ಲವೂ. ಹಾಲಿಗೆ ಡಿಗ್ರಿ ಹಾಕಿ ನೀರು ಬೆರೆತಿದೆಯೇ ಎಂದು ನೋಡುವುದು, ಲೆಕ್ಕ ಬರೆಯುವುದು, ವ್ಯಾನ್ ಬಂದಾಗ ತುಂಬಿದ ಕ್ಯಾನುಗಳನ್ನು ಎತ್ತಿ ಒಳಗೆ ತಳ್ಳುವುದು. ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಮಾಸ್ತಿ ಕಡೆಯ ಹುಡುಗಿಯ ಜೊತೆ ನಿಶ್ಚಿತಾರ್ಥವಾಯಿತು. ಮದುವೆಯ ಬಟ್ಟೆಗೆ ಅಳತೆ ಕೊಡಲು ಟೈಲರ್ ಮಾವನ ಅಂಗಡಿಗೆ ಹೋದೆ. ಹೋಗುವಾಗ ನನಗೆ ಒಂದೇ ಭಯ. ವರ್ಷದಿಂದ ಬಲ ತೊಡೆಸಂದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಉಬ್ಬು ಬಂದಿತ್ತು. ಮಲಗಿದರೆ ಒಳಗೆ ಹೋಗುತ್ತಿತ್ತು, ಕ್ಯಾನು ಎತ್ತಿದರೆ ಹೊರಗೆ ಬರುತ್ತಿತ್ತು. ಅಪ್ಪನಿಗೆ ಹೇಳಿರಲಿಲ್ಲ, ಗೆಳೆಯರಿಗೂ ಹೇಳಿರಲಿಲ್ಲ. ನಮ್ಮ ಕಡೆ ಅದರ ಹೆಸರು ಎತ್ತಿದರೆ ಸಾಕು, ಗಂಡಸುತನದ ಮೇಲೆ ಹತ್ತು ಹಾಸ್ಯ ಹುಟ್ಟುತ್ತವೆ.

ಮಾವ ಮಂಡಿಯೂರಿ ಟೇಪನ್ನು ಒಳತೊಡೆಯ ಉದ್ದಕ್ಕೆ ಹಿಡಿದರು. ಅವರ ಕೈ ಅರೆಗಳಿಗೆ ನಿಂತಿತು. ಮತ್ತೆ ಏನೂ ಆಗದವರಂತೆ ಅಳತೆ ಮುಗಿಸಿ, ಎದ್ದು, ಅಂಗಡಿಯಲ್ಲಿ ಕೂತಿದ್ದ ಇನ್ನೊಬ್ಬ ಗಿರಾಕಿಗೆ "ಅರ್ಧ ಗಂಟೆ ಬಿಟ್ಟು ಬನ್ನಿ ಸಾಮಿ, ಕಾಜಾ ಆಗಿಲ್ಲ" ಎಂದು ಕಳಿಸಿದರು. ಆಮೇಲೆ ನನ್ನನ್ನು ಪರದೆಯ ಹಿಂದಕ್ಕೆ ಕರೆದರು.

"ಎಷ್ಟು ದಿನ ಆಯ್ತಪ್ಪ?"

"ಏನು ಮಾವ?"

"ನನ್ ಹತ್ರ ಏನು ಮಾವ ಅನ್ಬೇಡ. ನೋವು ಇದೆಯಾ?"

ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಗೋಡೆ ನೋಡಿಕೊಂಡೇ ಎಲ್ಲವನ್ನೂ ಹೇಳಿದೆ. ಹೇಳಿ, ಮನಸ್ಸಿನಲ್ಲಿದ್ದುದನ್ನೂ ಕೇಳಿದೆ. ಅವರು ಹರ್ನಿಯಾಗೆ ಪಟ್ಟಿ ಹೊಲಿದುಕೊಡುತ್ತಾರೆ ಎಂಬ ಪಿಸುಮಾತು ನಮ್ಮೂರಿನಲ್ಲಿತ್ತು. ಡಕ್ ಎಂಬ ದಪ್ಪ ಬಟ್ಟೆಯಲ್ಲಿ ಸೊಂಟಕ್ಕೊಂದು ಬೆಲ್ಟು, ತೊಡೆಸಂದಿಯ ಮೇಲೆ ಒತ್ತಿ ಹಿಡಿಯುವ ಹತ್ತಿಯ ದಿಂಬು. "ನನಗೂ ಒಂದು ಪಟ್ಟಿ ಹೊಲಿದುಕೊಡಿ ಮಾವ. ಮದುವೆ ಮುಗಿಯೋವರೆಗೆ ಸಾಕು."

ಅವರು ಸ್ಟೂಲಿನ ಮೇಲೆ ಕೂತರು. "ಅದನ್ನ ಹೊಲಿಯೋದು ಬಿಟ್ಟೆ" ಎಂದರು. ಯಾಕೆ ಎಂದು ಕೇಳಿದೆ. ಆಗ ಅವರು ಹೇಳಿದ್ದು ನನಗೆ ಇವತ್ತಿಗೂ ಮರೆತಿಲ್ಲ.

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲಾರಿಗೆ ಕ್ರೇಟು ತುಂಬುತ್ತಿದ್ದ ಒಬ್ಬ ಹಮಾಲಿ ಅವರಲ್ಲಿ ಪಟ್ಟಿ ಹೊಲಿಸಿಕೊಂಡಿದ್ದನಂತೆ. ಚೆನ್ನಾಗಿ ಹೊಂದಿತು. ಉಬ್ಬು ಒಳಗೇ ನಿಂತಿತು. ಎರಡು ಸೀಸನ್ನು ಕ್ರೇಟು ಹೊತ್ತ. ಒಂದು ದಿನ ಉಬ್ಬು ಪಟ್ಟಿಯನ್ನೂ ಮೀರಿ ಹೊರಬಂದು ಕಲ್ಲಿನಂತೆ ಬಿಗಿದುಕೊಂಡಿತು, ಒಳಗೆ ಹೋಗಲಿಲ್ಲ. ವಾಂತಿ ಶುರುವಾಯಿತು. ತಾನಾಗಿ ಇಳಿಯುತ್ತದೆ ಎಂದು ಎರಡು ದಿನ ಮನೆಯಲ್ಲೇ ಮಲಗಿದ. ಕೋಲಾರಕ್ಕೆ ಕರೆದುಕೊಂಡು ಹೋಗುವಷ್ಟರಲ್ಲಿ ಸಿಕ್ಕಿಕೊಂಡಿದ್ದ ಕರುಳು ಕೊಳೆತುಹೋಗಿತ್ತು. ಉಳಿಯಲಿಲ್ಲ.

"ತಿಥಿ ಆದ್ಮೇಲೆ ಅವನ ಹೆಂಡ್ತಿ ಅಂಗಡಿಗೆ ಬಂದ್ಲು" ಎಂದರು ಮಾವ. "ನನ್ನ ಬೈಯಕ್ಕೆ ಬಂದವಳೆ ಅನ್ಕೊಂಡೆ. ಬೈದಿದ್ರೆ ಚೆನ್ನಾಗಿರೋದು. ಆಯಮ್ಮ ಆ ಪಟ್ಟೀನ ಸೋಪಾಕಿ ತೊಳೆದು, ಒಣಗ್ಸಿ, ಮಡಿಸಿ ತಂದಿದ್ಲು. ಚೆನ್ನಾಗೈತೆ, ಇನ್ಯಾರಿಗಾದ್ರೂ ಆಗುತ್ತೆ ಕೊಡಿ ಅಂದ್ಲು." ಅವರು ಮಾತು ನಿಲ್ಲಿಸಿ ಟೇಪನ್ನು ಬೆರಳಿಗೆ ಸುತ್ತಿಕೊಂಡರು. "ನನ್ ಪಟ್ಟಿ ಅವನಿಗೆ ಧೈರ್ಯ ಕೊಡ್ತು ಕಣಪ್ಪಾ. ಆ ಧೈರ್ಯಾನೇ ಅವನನ್ನ ಆಸ್ಪತ್ರೆಗೆ ಹೋಗ್ದಂಗೆ ಮಾಡ್ತು."

ಅಂದಿನಿಂದ ಪಟ್ಟಿ ಕೇಳಿಕೊಂಡು ಬಂದವರನ್ನೆಲ್ಲ ಆಸ್ಪತ್ರೆಗೆ ಕಳಿಸುವುದೇ ಅವರ ಕೆಲಸವಾಯಿತು. ಹೋಗಲು ನಾಚುವವರ ಜೊತೆಗೆ ತಾವೇ ಹೋಗುತ್ತಿದ್ದರು. ನನ್ನ ಜೊತೆಗೂ ಬಂದರು. ಮರುದಿನ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟು, ಕೋಲಾರದ ಬಸ್ಸಿನಲ್ಲಿ ನನ್ನ ಪಕ್ಕ ಕೂತರು. ದಾರಿಯುದ್ದಕ್ಕೂ ಹರ್ನಿಯಾದ ಮಾತೇ ಎತ್ತಲಿಲ್ಲ. ಟೊಮೆಟೊ ಗಿಡಕ್ಕೆ ಕಟ್ಟಿದ ಕಡ್ಡಿಗಳನ್ನು ನೋಡುತ್ತ, ಯಾರ ಹೊಲದಲ್ಲಿ ಸಾಲು ನೇರವಿದೆ, ಯಾರದು ಸೊಟ್ಟ ಎಂದು ಹೇಳುತ್ತ ಬಂದರು.

ಆಸ್ಪತ್ರೆಯಲ್ಲಿ ನೋಡಿದರೆ ಸರ್ಜನ್ ಹೆಂಗಸು. ನಾನು ಹಿಂದಕ್ಕೆ ತಿರುಗಿದೆ. ಮಾವ ನನ್ನ ತೋಳು ಹಿಡಿದು, "ಏಮಯ್ಯಾ, ನಿನ್ನ ಹೆತ್ತವಳೂ ಹೆಂಗಸೇ ತಾನೇ? ನಡಿ ಒಳಕ್ಕೆ" ಎಂದು ತಳ್ಳಿದರು.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಕೆಮ್ಮಿಸಿ ನೋಡಿ, ಸ್ಕ್ಯಾನ್ ಮಾಡಿಸಿದರು. ಬಲಗಡೆಯದು ದೊಡ್ಡದು, ಎಡಗಡೆಯೂ ಒಂದು ಸಣ್ಣದು ಶುರುವಾಗಿತ್ತು. ಅವರು ಒಂದು ಹಾಳೆಯ ಮೇಲೆ ಹೊಟ್ಟೆಯ ಗೋಡೆಯ ಚಿತ್ರ ಬರೆದು ಹೇಳಿದರು.

"ಇಲ್ಲಿ ಗೋಡೆ ಸಡಿಲ ಆಗಿದೆ, ಅದಕ್ಕೆ ಕರುಳು ಆಚೆ ಬರ್ತಿದೆ. ಒಳಗೆ ತಳ್ಳಿ ಅಲ್ಲೊಂದು ಬಲೆ ಇಡ್ಬೇಕು. ಅದಕ್ಕೆ ಎರಡು ದಾರಿ. ಒಂದು, ತೊಡೆಸಂದಿ ಮೇಲೆ ಕೊಯ್ದು ಮುಂದಿನಿಂದ ಬಲೆ ಇಡೋದು. ಇನ್ನೊಂದು, ಹೊಕ್ಕುಳ ಹತ್ರ ಮೂರು ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು, ಟಿವಿ ನೋಡ್ಕೊಂಡು ಹಿಂದಿನಿಂದ ಇಡೋದು."

"ಯಾವುದು ಒಳ್ಳೇದು ಮೇಡಂ?" ಎಂದೆ.

"ಹರ್ನಿಯಾ ಮತ್ತೆ ವಾಪಸ್ ಬರೋದು ಎರಡರಲ್ಲೂ ಹೆಚ್ಚುಕಮ್ಮಿ ಅಷ್ಟೇ. ತೂತಿನದರಲ್ಲಿ ನೋವು ಕಡಿಮೆ, ಬೇಗ ಕೆಲಸಕ್ಕೆ ಹೋಗ್ಬಹುದು. ಆದ್ರೆ ಪೂರ್ತಿ ಮತ್ತು ಕೊಟ್ಟು ಎಚ್ಚರ ತಪ್ಪಿಸ್ಬೇಕು, ಮಾಡೋರಿಗೆ ಕೈ ಪಳಗಿರ್ಬೇಕು, ಅಪರೂಪಕ್ಕೆ ಒಳಗೆ ಬೇರೆ ಕಡೆ ಪೆಟ್ಟಾಗೋ ಭಯ ಇರುತ್ತೆ. ಕೊಯ್ಯೋದರಲ್ಲಿ ಆ ಜಾಗದ ಮೇಲೆ ನೋವೋ ಜೋಮೋ ಕೆಲವರಿಗೆ ಜಾಸ್ತಿ ದಿನ ಉಳಿಯುತ್ತೆ. ಆದ್ರೆ ಬರೀ ಆ ಜಾಗಕ್ಕೆ ಇಂಜೆಕ್ಷನ್ ಕೊಟ್ಟೂ ಮಾಡ್ಬಹುದು. ನಿಮ್ದು ಎರಡೂ ಕಡೆ ಇದೆ. ಅದೇ ಮೂರು ತೂತಲ್ಲಿ ಎರಡೂ ಕಡೆ ಬಲೆ ಇಡ್ಬಹುದು. ನಿಮ್ಗೆ ಅದು ವಾಸಿ."

ನಾನು ತಲೆ ತಗ್ಗಿಸಿ ಕೂತಿದ್ದೆ. ಕೇಳಬೇಕಾದದ್ದು ಇನ್ನೊಂದಿತ್ತು. ನನ್ನ ಬದಲು ಮಾವ ಕೇಳಿದರು. "ಹುಡುಗನಿಗೆ ಮುಂದಿನ ತಿಂಗಳು ಮದುವೆ ಅಮ್ಮಾ. ಮಕ್ಕಳು ಮರಿಗೆ ತೊಂದರೆ ಇಲ್ವಲ್ಲ?"

"ತೊಂದರೆ ಏನಿಲ್ಲ. ಮದುವೆ ಸ್ವಲ್ಪ ಮುಂದಕ್ಕೆ ಹಾಕ್ಕೊಂಡ್ರೆ ಆಯ್ತು" ಎಂದರು ಡಾಕ್ಟರಮ್ಮ.

ಅಷ್ಟಕ್ಕೆ ಮಾವ ಎದ್ದಾರೆಂದುಕೊಂಡೆ. ಏಳಲಿಲ್ಲ. ಆ ಚಿತ್ರವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, "ಅಮ್ಮಾ, ಮೂಟೆಗೆ ತೇಪೆ ಒಳಗಿಂದ ಹಾಕಿದ್ರೆ ಕಾಳಿನ ಭಾರವೇ ಅದನ್ನ ಬಟ್ಟೆಗೆ ಒತ್ತಿ ಹಿಡಿಯುತ್ತೆ. ಹೊರಗಿಂದ ಹಾಕಿದ್ರೆ ಭಾರವೆಲ್ಲಾ ಹೊಲಿಗೆ ಮೇಲೆ. ಇದೂ ಹಂಗೇನಾ?" ಎಂದರು.

ಡಾಕ್ಟರಮ್ಮ ಮೊದಲ ಸಲ ನಕ್ಕರು. "ಹೆಚ್ಚುಕಮ್ಮಿ ಹಂಗೇ. ಆದ್ರೆ ಮೈ ಬಟ್ಟೆಯಲ್ಲ ನೋಡಿ. ಬಲೆಯ ಕಣ್ಣೊಳಗೆ ಮಾಂಸ ತಾನೇ ಬೆಳೆದು ಹಿಡ್ಕೊಳ್ಳುತ್ತೆ. ಮುಂದಿನಿಂದ ಇಟ್ರೂ ಅಷ್ಟೇ, ಹಿಂದಿನಿಂದ ಇಟ್ರೂ ಅಷ್ಟೇ."

ಬಸ್ಸಿನಲ್ಲಿ ಮುಳಬಾಗಿಲು ತಲುಪುವವರೆಗೂ ಮಾವ ಅದನ್ನೇ ಹೇಳುತ್ತಿದ್ದರು. "ಹೊಲಿಗೆ ತಾನೇ ಬೆಳೆಯುತ್ತಂತಲ್ಲೋ! ನಲವತ್ತು ವರ್ಷ ಹೊಲಿದೆ, ಒಂದಾದ್ರೂ ಹೊಲಿಗೆ ಬೆಳೀತಾ?"

ಆಗಲೇ ತಮ್ಮ ಗುಟ್ಟನ್ನೂ ಹೇಳಿದರು. ಅವರಿಗೂ ಬಲಗಡೆ ಆಗಿತ್ತು. ಬಹಳ ವರ್ಷಗಳ ಹಿಂದೆ ಕೊಯ್ದು ಮಾಡಿದ್ದರು. ಆಗ ನಮ್ಮ ಕಡೆ ತೂತಿನ ಆಪರೇಷನ್ನಿನ ಹೆಸರೇ ಯಾರೂ ಕೇಳಿರಲಿಲ್ಲ. ಮೂರು ವಾರ ಮಿಷನ್ನು ತುಳಿಯಲು ಆಗಿರಲಿಲ್ಲ. ಗಾಯದ ಕೆಳಗೆ ಅಂಗೈಯಷ್ಟು ಜಾಗ ಇನ್ನೂ ಜೋಮು ಹಿಡಿದೇ ಇದೆ ಎಂದರು. "ಇರ್ಲಿ ಬಿಡು, ಪರವಾಲೇದು. ಅಲ್ಲಿ ಸೊಳ್ಳೆ ಕಚ್ಚಿದ್ರೂ ಗೊತ್ತಾಗಲ್ಲ."

ಉಳಿದದ್ದು ಮದುವೆಯ ಮಾತು. ಹುಡುಗಿಯ ಮನೆಗೆ ಕಾಮಾಲೆ ಎಂದೋ ಟೈಫಾಯ್ಡ್ ಎಂದೋ ಹೇಳಿ ಮುಂದಕ್ಕೆ ಹಾಕಿಸೋಣ ಎಂದುಕೊಂಡಿದ್ದೆ. ಮಾವ ಒಪ್ಪಲಿಲ್ಲ. "ಮೊದಲ್ನೇ ಗಂಟನ್ನೇ ಸುಳ್ಳಿಂದ ಹಾಕಿದ್ರೆ ಆಮೇಲೆ ಬಿಚ್ಚಕ್ಕಾಗಲ್ಲ. ಫೋನ್ ಮಾಡು" ಎಂದು ಪರದೆಯ ಹಿಂದೆ ನನ್ನನ್ನು ಬಿಟ್ಟು, ತಾವು ಜೋರಾಗಿ ಮಿಷನ್ನು ತುಳಿಯತೊಡಗಿದರು, ನನ್ನ ಮಾತು ಹೊರಗೆ ಕೇಳದಿರಲೆಂದು. ನಾನು ತೊದಲುತ್ತ ಹೇಳಿದೆ. ನನ್ನ ಮಾತು ಮುಗಿಯುತ್ತಿದ್ದಂತೆ ಆ ಕಡೆಯಿಂದ ಅವಳು ಅಂದಳು,

"ಅಷ್ಟೇನಾ? ನಮ್ಮಪ್ಪಂಗೂ ಆಗಿತ್ತು. ಕೊಯ್ಸ್ಕೊಂಡು ಬಂದು ಒಂದ್ ತಿಂಗಳು ಮನೇಲಿ ಎಲ್ಲರ ಮೇಲೂ ರೇಗಾಡಿದ್ರು. ನೀವು ರೇಗಾಡ್ಬೇಡಿ, ಅಷ್ಟು ಸಾಕು."

ಪರದೆ ಸರಿಸಿ ಹೊರಬಂದಾಗ ಮಾವ ನನ್ನ ಮುಖ ನೋಡಿ, ಏನೂ ಕೇಳದೆ ಇಬ್ಬರಿಗೂ ಟೀ ತರಿಸಿದರು.

ಆಪರೇಷನ್ ಚೆನ್ನಾಗಿ ಆಯಿತು. ಎಚ್ಚರವಾದಾಗ ನೋವು ನಾನು ಹೆದರಿದಷ್ಟಿರಲಿಲ್ಲ. ಒಳಗೆ ತುಂಬಿಸಿದ್ದ ಗ್ಯಾಸಿನಿಂದ ಭುಜ ಮಾತ್ರ ಎರಡು ದಿನ ಹಿಡಿದುಕೊಂಡಿತ್ತು. ತೊಡೆಸಂದಿಗೆ ಆಪರೇಷನ್ ಮಾಡಿದರೆ ಭುಜ ಯಾಕೆ ನೋಯುತ್ತದೆ ಎಂದು ಅಮ್ಮ ಡಾಕ್ಟರನ್ನೇ ಅನುಮಾನಿಸಿದಳು. ಮರುದಿನ ನಡೆದಾಡಿದೆ. ಎರಡು ವಾರಕ್ಕೆ ಸೊಸೈಟಿಯ ಪುಸ್ತಕದ ಮುಂದೆ ಕೂತೆ. ಕ್ಯಾನು ಎತ್ತಲು ಇನ್ನಷ್ಟು ದಿನ ಬೇಡವೆಂದಿದ್ದರು. ಮಾವ ಮನೆಗೆ ಬಂದು, ಹೊಟ್ಟೆಯ ಮೇಲಿನ ಗುರುತುಗಳನ್ನು ಕನ್ನಡಕ ಏರಿಸಿ ನೋಡಿ, "ಮೂರೇ ಚುಕ್ಕಿ! ಗುಂಡಿ ಹೊಲಿಯಕ್ಕೆ ಜಾಗ ಗುರುತು ಹಾಕಿದಂಗೆ ಐತೆ" ಎಂದು ಖುಷಿಪಟ್ಟರು. ಎರಡು ತಿಂಗಳು ತಡವಾಗಿ ಮದುವೆಯಾಯಿತು. ನನ್ನ ಸಫಾರಿ ಹೊಲಿದವರು ಅವರೇ.

ಆಮೇಲೆ ಏಳೆಂಟು ವರ್ಷ ಕಳೆಯಿತು. ಮಗಳ ಯೂನಿಫಾರಂ ಹೊಲಿಸಲು ಒಮ್ಮೆ ಹೋದಾಗ ಮಾವ ಕೆಮ್ಮುತ್ತಿದ್ದರು. ಕೆಮ್ಮು ಅವರಿಗೆ ಹೊಸದಲ್ಲ. ಬಟ್ಟೆಯ ಧೂಳು, ದಿನಕ್ಕೊಂದು ಕಟ್ಟು ಬೀಡಿ. ಆದರೆ ಕೆಮ್ಮುವಾಗ ಎಡಗೈ ಎಡಗಡೆಯ ತೊಡೆಸಂದಿಗೆ ಹೋಗಿ ಒತ್ತಿ ಹಿಡಿದದ್ದನ್ನು ನೋಡಿದೆ. ಎದ್ದು ಮೇಜಿನ ಕಡೆ ಹೋದಾಗ ಶರಟಿನ ಅಂಚಿನಡಿ ಡಕ್ ಬಟ್ಟೆಯ ಒಂದು ತುಂಡು ಕಂಡಿತು.

"ಮಾವ, ಅದೇನು?"

ಅವರು ಶರಟು ಎಳೆದುಕೊಂಡರು. ನಾನು ಬಿಡಲಿಲ್ಲ. ಯಾರಿಗೂ ಹೊಲಿಯುವುದಿಲ್ಲ ಎಂದವರು ತಮಗಾಗಿ ಒಂದು ಪಟ್ಟಿ ಹೊಲಿದುಕೊಂಡಿದ್ದರು. ನನಗೆ ಸಿಟ್ಟು ಬಂತು. "ಊರಿಗೆಲ್ಲಾ ಹೇಳ್ತೀರಿ, ನೀವೇ ಹಿಂಗೆ ಮಾಡಿದ್ರೆ?"

ಅವರು ಮಿಷನ್ನಿನ ಮೇಲೆ ಕೈಯಿಟ್ಟು ಕೂತರು. ಅಷ್ಟು ಹೊತ್ತು ತಲೆ ತಗ್ಗಿಸಿದ್ದನ್ನು ನಾನು ಎಂದೂ ನೋಡಿರಲಿಲ್ಲ. "ಹೆದ್ರಿಕೆ ಕಣಪ್ಪಾ" ಎಂದರು. "ಬೇರೆಯೋರ ಜೊತೆ ಹೋಗ್ವಾಗ ಬರೋ ಧೈರ್ಯ ನನ್ನೊಬ್ಬನಿಗೆ ಬರಲ್ಲ. ಉಸಿರು ಸರಿಯಿಲ್ಲ. ಮತ್ತು ಕೊಟ್ರೆ ಏಳ್ತೀನೋ ಇಲ್ವೋ."

"ಹಂಗಾದ್ರೆ ಒಬ್ಬರೇ ಯಾಕೆ ಹೋಗ್ತೀರಿ? ನಾನಿಲ್ವಾ?"

ಮರುದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವರನ್ನು ಕೂರಿಸಿದೆ. ಅದೇ ಆಸ್ಪತ್ರೆ, ಅದೇ ಡಾಕ್ಟರಮ್ಮ, ಕೂದಲು ಅಲ್ಲಲ್ಲಿ ನರೆತಿತ್ತು. ಎದೆಗೆ ಕಿವಿಗೊಟ್ಟು, ಕೊಳವೆಯೊಳಗೆ ಉಸಿರು ಊದಿಸಿ ಪರೀಕ್ಷೆ ಮಾಡಿಸಿ, ಎರಡು ತೀರ್ಮಾನ ಹೇಳಿದರು. ಮೊದಲು ಬೀಡಿ ಬಿಟ್ಟು ಕೆಮ್ಮು ಕಡಿಮೆಯಾಗಬೇಕು, ಅದಕ್ಕೆ ತಿಂಗಳ ಔಷಧಿ. ಆಮೇಲೆ ಆಪರೇಷನ್, ಆದರೆ ಪೂರ್ತಿ ಮತ್ತು ಕೊಡದೆ, ಆ ಜಾಗಕ್ಕಷ್ಟೇ ಇಂಜೆಕ್ಷನ್ ಕೊಟ್ಟು, ಕೊಯ್ದು.

ಮಾವನ ಮುಖ ಬಾಡಿತು. "ನಂಗೆ ಟಿವಿ ಆಪರೇಷನ್ ಇಲ್ವಾ ಅಮ್ಮಾ?"

"ನಿಮ್ಮ ಶ್ವಾಸಕೋಶಕ್ಕೆ ಅದು ಒಗ್ಗಲ್ಲ. ಹೊಸದು ಅಂತ ಎಲ್ಲರಿಗೂ ಅದನ್ನೇ ಮಾಡಿದ್ರೆ ನಾನು ಯಾವ ಡಾಕ್ಟರು?"

ಮಾವ, "ಅಂದ್ರೆ ನಾನು ಎಚ್ಚರವಾಗೇ ಇರ್ತೀನಾ?" ಎಂದರು. ಹೌದೆಂದಾಗ ಅವರ ಕಣ್ಣಲ್ಲಿ ಹಳೆಯ ಹೊಳಪು ಬಂತು. ಆ ತಿಂಗಳು ನಿಜಕ್ಕೂ ಬೀಡಿ ಮುಟ್ಟಲಿಲ್ಲ. ಬಾಯಿಗೆ ಏನಾದರೂ ಬೇಕಲ್ಲ ಎಂದು ಸೋಂಪಿನ ಕಾಳು ಜಗಿಯುತ್ತಿದ್ದರು.

ಆಪರೇಷನ್ನಿನ ಕಥೆಯನ್ನು ಅವರು ವಾರ್ಡಿನಲ್ಲಿ ಮಲಗಿಕೊಂಡು ನನಗೆ ಹೇಳಿದರು. ಎದೆಯ ಮೇಲೆ ಅಡ್ಡಬಟ್ಟೆ ಕಟ್ಟಿದ್ದರಂತೆ, ಏನೂ ಕಾಣದು. ಇವರು ಸುಮ್ಮನಿರಲಿಲ್ಲ. ಯಾವ ದಾರ ಅಮ್ಮಾ, ಯಾವ ನಂಬರ್ ಸೂಜಿ, ಗಂಟು ಹೆಂಗೆ ಹಾಕ್ತೀರಿ ಎಂದು ಕೇಳುತ್ತಲೇ ಇದ್ದರಂತೆ. ಕೊನೆಗೆ ಡಾಕ್ಟರಮ್ಮ ಬಲೆಯ ತುಂಡನ್ನು ಬಟ್ಟೆಯ ಮೇಲಕ್ಕೆ ಎತ್ತಿ ಹಿಡಿದು, "ನೋಡಿ, ಇದೇ. ಈಗಲಾದ್ರೂ ಸುಮ್ನಿರ್ತೀರಾ?" ಎಂದರಂತೆ.

"ಸೊಳ್ಳೆಪರದೆ ತರ ಇತ್ತು ಕಣೋ" ಎಂದರು. "ಅಂಚು ಕತ್ತರಿಸೋವಾಗ ಆ ಕತ್ತರಿ ಶಬ್ದ ಕೇಳ್ತು ನೋಡು, ಆಗ ಹೆದ್ರಿಕೆ ಹೋಯ್ತು. ಆ ಶಬ್ದ ನಂಗೆ ಗೊತ್ತಲ್ಲ."

ನನಗಿಂತ ಅವರಿಗೆ ನೋವು ಹೆಚ್ಚಿತ್ತು. ಹತ್ತು ದಿನ ಎದ್ದು ಕೂರುವಾಗಲೆಲ್ಲ ಹಲ್ಲು ಕಚ್ಚುತ್ತಿದ್ದರು. ಮಿಷನ್ನು ತುಳಿಯಲು ತಿಂಗಳು ಹಿಡಿಯಿತು. ಆದರೆ ಉಸಿರಿಗೆ ಏನೂ ಆಗಲಿಲ್ಲ. ಆಮೇಲೆ ಪರದೆಯ ಹಿಂದೆ ಯಾರಾದರೂ ಬಂದು ನಿಂತು "ಮಾವ, ಯಾವ್ದು ಮಾಡಿಸ್ಲಿ?" ಎಂದು ಕೇಳಿದರೆ, ತಮ್ಮದನ್ನೂ ನನ್ನದನ್ನೂ, ಹೆಸರು ಹೇಳದೆ, ಎರಡನ್ನೂ ವಿವರಿಸುತ್ತಿದ್ದರು. ಯಾವುದು ಮೇಲು ಎಂದು ಒಮ್ಮೆಯೂ ಹೇಳಿದವರಲ್ಲ. "ನಿನ್ ಮೈ ಅಳತೆ ಡಾಕ್ಟ್ರು ತಗೀತಾರೆ. ನಾನು ಬಸ್ಸಿಗೆ ಜೊತೆಗೆ ಬರ್ತೀನಿ" ಎನ್ನುತ್ತಿದ್ದರು.

ಹೋದ ಚಳಿಗಾಲದಲ್ಲಿ ಶ್ವಾಸಕೋಶವೇ ಅವರನ್ನು ಕರೆದುಕೊಂಡು ಹೋಯಿತು. ಮಾಲೂರಿನಲ್ಲಿರುವ ಅವರ ಮಗಳು ಕೊನೆಯ ವಾರ ಬಂದು ನೋಡಿಕೊಂಡಳು. ಸುದ್ದಿ ತಿಳಿದು ನಾನು ಬೆಳಿಗ್ಗೆಯೇ ಹೋದೆ. ಗಲ್ಲಿ ತುಂಬಿಹೋಗಿತ್ತು. ಶ್ರೀನಿವಾಸಪುರದ ಮಂಡಿಯವರು, ನಿವೃತ್ತ ಪೊಲೀಸ್ ಪೇದೆಯೊಬ್ಬರು, ಬ್ಯಾಂಕಿನವರು, ಆಂಧ್ರದ ಗಡಿಯಾಚೆಯಿಂದ ಮೊದಲ ಬಸ್ಸಿಗೆ ಬಂದಿದ್ದ ಒಬ್ಬ ಮುದುಕ. ಒಬ್ಬರಿಗೊಬ್ಬರ ಪರಿಚಯವಿಲ್ಲ. ಎಲ್ಲರೂ ಗೋಡೆಗೆ ಒರಗಿ, ಕೈ ಕಟ್ಟಿಕೊಂಡು ಸುಮ್ಮನೆ ನಿಂತಿದ್ದರು.

ಮಗಳು ನನ್ನ ಹತ್ತಿರ ಬಂದು ಕೇಳಿದಳು. "ಅಣ್ಣಾ, ಇವರೆಲ್ಲಾ ಯಾರು? ಕೇಳಿದ್ರೆ ಎಲ್ರೂ ‘ಪ್ಯಾಂಟ್ ಹೊಲಿಸ್ತಿದ್ವಿ’ ಅಂತಾರೆ. ಅರ್ಧ ಜನ ಪಂಚೆ ಉಟ್ಕೊಂಡವರೆ."

ನಾನೂ ‘ನಾನು ಹೊಲಿಸ್ತಿದ್ದೆ’ ಎಂದು ಹೇಳಿ ಮುಗಿಸಬಹುದಿತ್ತು. ಹನ್ನೆರಡು ವರ್ಷ ನನ್ನ ಹೆಂಡತಿ, ಅಪ್ಪ, ಅಮ್ಮನ ಹೊರತು ಯಾರಿಗೂ ಹೇಳಿರಲಿಲ್ಲ. ಅವಳ ಮುಖ ನೋಡಿ ಆಗಲಿಲ್ಲ.

"ನನಗೆ ಹರ್ನಿಯಾ ಆಗಿತ್ತಮ್ಮ" ಎಂದೆ. ಗಲ್ಲಿ ಅಷ್ಟು ನಿಶ್ಶಬ್ದವಾಗಿತ್ತೆಂದರೆ ಮಾತು ಎಲ್ಲರಿಗೂ ಕೇಳಿತು. "ನಾಚ್ಕೊಂಡು ಯಾರಿಗೂ ಹೇಳಿರ್ಲಿಲ್ಲ. ನಿಮ್ಮಪ್ಪ ಕಂಡುಹಿಡಿದ್ರು. ಅಂಗಡಿ ಮುಚ್ಚಿ ನನ್ನ ಜೊತೆ ಆಸ್ಪತ್ರೆಗೆ ಬಂದ್ರು. ಯಾರಿಗೂ ಹೇಳ್ಲಿಲ್ಲ."

ಗಡಿಯಾಚೆಯ ಮುದುಕ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, "ನಾಕೂ ಅಂತೇ ತಲ್ಲೀ" ಎಂದ. ನನಗೂ ಹಾಗೇ ತಾಯಿ, ಎಂದು. ಪೇದೆ ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ನಂದು ಕೊಯ್ದಿದ್ದು" ಎಂದರು. "ಎರಡು ಸಲ ನಾನು ಬಸ್ಸಿಂದ ಇಳ್ಕೊಂಡು ಓಡೋದೆ. ಮೂರನೇ ಸಲಾನೂ ಕರ್ಕೊಂಡೋದ್ರು." ಮಂಡಿಯವನೊಬ್ಬ "ನಂದು ತೂತಿಂದು" ಎಂದು ನೆಲ ನೋಡಿಕೊಂಡೇ ಹೇಳಿದ.

ಮಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. "ಮನೇಲಿ ಒಬ್ಬರ ಹೆಸರೂ ಎತ್ತಿರ್ಲಿಲ್ಲ ಅಣ್ಣಾ. ಅಂಗಡಿ ಮುಚ್ಚಿ ಎಲ್ಲಿಗೋದ್ರಿ ಅಂತ ಅಮ್ಮ ಬದುಕಿರೋವರೆಗೂ ಎಷ್ಟು ಜಗಳ ಆಡಿದ್ಲು. ಅಪ್ಪ ಬಾಯೇ ಬಿಡ್ಲಿಲ್ಲ."

ಚಟ್ಟ ಎತ್ತುವ ಹೊತ್ತಿಗೆ ಹೆಗಲು ಕೊಡಲು ಎಷ್ಟು ಜನ ಮುಂದೆ ಬಂದರೆಂದರೆ, ಗಲ್ಲಿಯ ತುದಿ ಮುಟ್ಟುವುದರೊಳಗೆ ಒಬ್ಬೊಬ್ಬರಿಗೆ ಹತ್ತು ಹೆಜ್ಜೆಯೂ ದಕ್ಕಲಿಲ್ಲ. ನನ್ನ ಪಾಲಿನ ಹೆಜ್ಜೆಗಳನ್ನು ನಾನು ನಡೆದೆ. ಮಾವ ತುಂಬ ಹಗುರವಾಗಿದ್ದರು.